ಅಲಾಸ್ಕಾ ಕ್ರೂಸ್: ಏಳು ರಾತ್ರಿಗೆ ಎಷ್ಟು ಲಗೇಜ್ ಕಟ್ಟಬೇಕು?

ಸಿಯಾಟಲ್‌ನಿಂದ ಹೊರಟು ಅಲಾಸ್ಕಾದ ಜೂನೋ, ಸ್ಕ್ಯಾಗ್ವೇ, ಕೆಚಿಕಾನ್ ಊರುಗಳನ್ನು ನೋಡಿಕೊಂಡು, ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಂತು ಎಂಟನೇ ದಿನ ಬೆಳಿಗ್ಗೆ ವಾಪಸಾಗುವ ಕ್ರೂಸ್‌ಗೆ ಅಮೆರಿಕದ ಕನ್ನಡದ ಮನೆಗಳಿಂದ ಹೋಗುವವರು ಬಹಳ. ಊರಿಂದ ಅಪ್ಪ-ಅಮ್ಮ ಬಂದಿರುವಾಗಲಂತೂ ಹೇಳಿ ಮಾಡಿಸಿದ ಪ್ರವಾಸ. ಆದರೆ ಚಳಿಯ ಜಾಗ, ಜೊತೆಗೆ ವಯಸ್ಸಾದವರು ಅಂದ ಕೂಡಲೇ ಮನೆಯಲ್ಲಿರುವ ಸ್ವೆಟರ್, ಶಾಲುಗಳೆಲ್ಲ 28 ಇಂಚಿನ ದೊಡ್ಡ ಪೆಟ್ಟಿಗೆಗೆ ಇಳಿಯುತ್ತವೆ. ತಪ್ಪುವುದೇ ಅಲ್ಲಿ.

ಲೆಕ್ಕ ಮೊದಲೇ ಹೇಳಿಬಿಡುತ್ತೇವೆ. ಒಬ್ಬರಿಗೆ 24 ಇಂಚಿನ ಒಂದು ಸೂಟ್‌ಕೇಸ್, ಬೆನ್ನಿಗೊಂದು ಬ್ಯಾಗ್. ಹೊರಡುವಾಗ ತುಂಬಿದ ಸೂಟ್‌ಕೇಸ್ 14 ಕೆ.ಜಿ. ದಾಟಬಾರದು. ಒಳಗೆ ನಾಲ್ಕು ದಿನದ ಬಟ್ಟೆ ಇರಲಿ, ನಡುವೆ ಒಂದು ಸಲ ಒಗೆಯಿರಿ. ಚಳಿಗೆ ದಪ್ಪ ಬಟ್ಟೆ ಬೇಡ, ಒಂದರ ಮೇಲೊಂದು ತೊಡುವ ತೆಳು ಬಟ್ಟೆ ಸಾಕು.

ಕ್ಯಾಬಿನ್ ಅಳತೆಯಿಂದ ಶುರು ಮಾಡಿ

ವಿಮಾನದ ತೂಕದ ಮಿತಿ ನೋಡಿಕೊಂಡು ಪ್ಯಾಕ್ ಮಾಡುವುದು ನಮಗೆಲ್ಲ ಅಭ್ಯಾಸ. ಅಮೆರಿಕದೊಳಗಿನ ವಿಮಾನಗಳಲ್ಲಿ ಚೆಕ್-ಇನ್ ಬ್ಯಾಗಿಗೆ ಸಾಮಾನ್ಯವಾಗಿ 50 ಪೌಂಡ್, ಅಂದರೆ ಸುಮಾರು 23 ಕೆ.ಜಿ. ಸಿಗುತ್ತದೆ. ಸಿಗುತ್ತದಲ್ಲ ಎಂದು ಅಷ್ಟನ್ನೂ ತುಂಬಿದರೆ ಕ್ಯಾಬಿನ್ನಿನಲ್ಲಿ ಕಷ್ಟ. ಕಿಟಕಿ ಇಲ್ಲದ ಒಳ ಕ್ಯಾಬಿನ್ ಎಂದರೆ 150ರಿಂದ 180 ಚದರ ಅಡಿ. ಮಂಚ, ಮೇಜು, ಬಾತ್‌ರೂಮ್ ಕಳೆದರೆ ಓಡಾಡಲು ಉಳಿಯುವುದು ಒಂದು ಓಣಿಯಷ್ಟು ಜಾಗ. ಸೂಟ್‌ಕೇಸ್ ಇಡುವ ಜಾಗ ಮಂಚದ ಕೆಳಗೆ ಮಾತ್ರ. ಬಟ್ಟೆಯನ್ನೆಲ್ಲ ಕಪಾಟಿಗೆ ಹಾಕಿ, ಖಾಲಿ ಪೆಟ್ಟಿಗೆಯನ್ನು ಮಲಗಿಸಿ ಒಳಗೆ ತಳ್ಳಿಬಿಡಬೇಕು.

ಪೆಟ್ಟಿಗೆ ಯಾವ ಬಗೆಯದು ಎಂಬುದನ್ನೂ ನೋಡಿ. ನಡುವೆ ಜಿಪ್ ಇದ್ದು ಪುಸ್ತಕದ ಹಾಗೆ ಎರಡು ಹೋಳಾಗಿ ತೆರೆಯುವ ಗಟ್ಟಿ ಪ್ಲಾಸ್ಟಿಕ್ ಸೂಟ್‌ಕೇಸ್‌ಗೆ ತನ್ನ ಎರಡರಷ್ಟು ನೆಲ ಬೇಕು. 28 ಇಂಚಿನದನ್ನು ಬಿಚ್ಚಿಟ್ಟರೆ ಬಾತ್‌ರೂಮ್ ಬಾಗಿಲಿಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಮೇಲಿನ ಮುಚ್ಚಳ ಮಾತ್ರ ತೆರೆಯುವ ಬಟ್ಟೆಯ ಸೂಟ್‌ಕೇಸ್ ಇಲ್ಲಿಗೆ ಎಷ್ಟೋ ಮೇಲು. ಮಂಚದ ಮೇಲಿಟ್ಟು ತೆಗೆಯಬಹುದು, ಒತ್ತಿದರೆ ಸ್ವಲ್ಪ ಬಗ್ಗುತ್ತದೆ. ಭಾರತದಿಂದ ತಂದ ದೊಡ್ಡ ಪೆಟ್ಟಿಗೆಗಳು ಮಕ್ಕಳ ಮನೆಯಲ್ಲೇ ಇರಲಿ. ಊರಿಂದ ನೇರ ಸಿಯಾಟಲ್‌ಗೆ ಬರುವವರು ಕ್ರೂಸ್‌ಗೆ ಮೊದಲು ಉಳಿಯುವ ಹೋಟೆಲ್‌ನಲ್ಲಿ ಲಗೇಜ್ ಇಟ್ಟುಕೊಳ್ಳುತ್ತಾರಾ ಎಂದು ಬುಕಿಂಗ್ ಮಾಡುವಾಗಲೇ ಕೇಳಿ.

ಚಳಿ ಎಷ್ಟು, ಮಳೆ ಎಷ್ಟು

ಜೂನ್-ಜುಲೈನಲ್ಲಿ ಜೂನೋದ ಹಗಲು 15ರಿಂದ 18 ಡಿಗ್ರಿ, ರಾತ್ರಿ 8-10 ಡಿಗ್ರಿ. ಬೆಂಗಳೂರಿನ ಡಿಸೆಂಬರ್ ಮುಂಜಾವಿಗಿಂತ ಒಂದಿಷ್ಟು ಹೆಚ್ಚಿನ ಚಳಿ, ಅಷ್ಟೆ. ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಇನ್ನೂ ಕೆಳಗಿಳಿಯುತ್ತದೆ. ನಿಜವಾಗಿ ಕೊರೆಯುವುದು ಗಾಳಿ. ಗ್ಲೇಸಿಯರ್ ಬೇ ಎಂಬ ಕೊಲ್ಲಿಯ ಒಳಗೆ ಹಡಗು ಹಿಮನದಿಯ ಎದುರು ನಿಧಾನವಾಗಿ ತಿರುಗುವಾಗ ಜನ ಗಂಟೆಗಟ್ಟಲೆ ಮೇಲಿನ ಡೆಕ್‌ನಲ್ಲಿ ನಿಂತಿರುತ್ತಾರೆ. ತಿಮಿಂಗಿಲ ನೋಡಲು ಹೋಗುವ ಸಣ್ಣ ದೋಣಿಯಲ್ಲೂ ಅದೇ ಪಾಡು. ಆ ಎರಡು ಹೊತ್ತಿಗೆ ಸಾಕಾಗುವಷ್ಟಿದ್ದರೆ ಉಳಿದ ಹೊತ್ತಿಗೆಲ್ಲ ಸಾಕು, ಏಕೆಂದರೆ ಹಡಗಿನ ಒಳಗೆ ಬೆಚ್ಚಗಿರುತ್ತದೆ.

ಮಳೆಗೆ ಮಾತ್ರ ಸರಿಯಾಗಿ ಸಿದ್ಧರಾಗಿ. ಕೆಚಿಕಾನ್‌ನಲ್ಲಿ ವರ್ಷಕ್ಕೆ ಹತ್ತಿರಹತ್ತಿರ 3,800 ಮಿ.ಮೀ. ಮಳೆ, ನಮ್ಮ ಮಂಗಳೂರಿನ ಲೆಕ್ಕ. ಕರಾವಳಿಯ ಹಾಗೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯದೆ ವರ್ಷವಿಡೀ ಹನಿಯುತ್ತಲೇ ಇರುತ್ತದೆ. ಗಾಳಿಗೆ ಕೊಡೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ವಾಟರ್‌ಪ್ರೂಫ್ ಜಾಕೆಟ್ ಒಂದೇ ಸರಿ, ಅದೂ ಒಳಗೆ ಸ್ವೆಟರ್ ಹಿಡಿಯುವಷ್ಟು ಸಡಿಲವಾಗಿರಲಿ. ಅಂಗಡಿಯಲ್ಲಿ ಅಳತೆ ನೋಡುವಾಗ ಸ್ವೆಟರ್ ಹಾಕಿಕೊಂಡೇ ನೋಡಿ.

ತೊಡುವ ಕ್ರಮ ಹೀಗೆ: ಮೈಗೆ ಅಂಟಿದಂತೆ ತೆಳು ಥರ್ಮಲ್ (ಬೆಚ್ಚಗಿಡುವ ಒಳಬಟ್ಟೆ), ಅದರ ಮೇಲೆ ಚೂಡಿದಾರದ ಟಾಪ್ ಅಥವಾ ಶರ್ಟ್, ಮೇಲೊಂದು ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್, ಎಲ್ಲಕ್ಕೂ ಹೊರಗೆ ಮಳೆ ಜಾಕೆಟ್. ಬಟ್ಟೆಯ ಪದರಗಳ ನಡುವೆ ನಿಲ್ಲುವ ಗಾಳಿಯೇ ಮೈಯನ್ನು ಬೆಚ್ಚಗಿಡುತ್ತದೆ. ಎರಡು ಕೆ.ಜಿ. ತೂಗುವ ದಪ್ಪ ಓವರ್‌ಕೋಟ್ ಅರ್ಧ ಪೆಟ್ಟಿಗೆ ನುಂಗುತ್ತದೆ, ಒದ್ದೆಯಾದರೆ ಹಡಗು ದಡ ಸೇರುವವರೆಗೂ ಒಣಗುವುದಿಲ್ಲ. ಜೀನ್ಸ್ ಕೂಡ ಹಾಗೆಯೇ: ತೂಕವೂ ಜಾಸ್ತಿ, ನೆನೆದರೆ ಕಾಲಿಗೆ ಅಂಟಿ ಚಳಿ ಹೆಚ್ಚಿಸುತ್ತದೆ. ಕಾಟನ್ ಪ್ಯಾಂಟಿಗಿಂತ ಸಿಂಥೆಟಿಕ್ ಟ್ರ್ಯಾಕ್ ಪ್ಯಾಂಟ್ ವಾಸಿ. ಹಿರಿಯರಿಗೆ ಮಂಕಿ ಕ್ಯಾಪ್ ತರಲು ಸಂಕೋಚ ಬೇಡ. ಡೆಕ್ ಮೇಲೆ ಕಿವಿಗೆ ಗಾಳಿ ಹೊಡೆಯುವಾಗ ಅದರಷ್ಟು ಉಪಕಾರಿ ಬೇರೊಂದಿಲ್ಲ. ಸೀರೆ ಮಾತ್ರ ಉಡುವ ತಾಯಂದಿರಿಗೆ ಲಂಗದ ಒಳಗೆ ಥರ್ಮಲ್ ಲೆಗ್ಗಿಂಗ್, ಉಣ್ಣೆಯ ಕಾಲುಚೀಲ, ಬೂಟು ಕೊಡಿಸಿ. ಬಂದರಿನಲ್ಲಿ ಇಳಿಯುವ ದಿನ ನೆರಿಗೆ ಸ್ವಲ್ಪ ಮೇಲಕ್ಕಿರಲಿ, ಅಂಚು ನೆನೆಯುವುದಿಲ್ಲ.

ತೂಕದ ಲೆಕ್ಕ, ಒಂದು ಸೂಟ್‌ಕೇಸ್ ಬಿಚ್ಚಿಟ್ಟು

ಚೂಡಿದಾರ ಮತ್ತು ಸೀರೆ ಎರಡನ್ನೂ ತೊಡುವ ಒಬ್ಬ ಮಹಿಳೆಯ 24 ಇಂಚಿನ ಸೂಟ್‌ಕೇಸ್ ಎಂದಿಟ್ಟುಕೊಳ್ಳಿ.

- ಖಾಲಿ ಸೂಟ್‌ಕೇಸ್: 3.5 ಕೆ.ಜಿ.
- ಥರ್ಮಲ್ ಎರಡು ಜೊತೆ, ಫ್ಲೀಸ್ ಒಂದು: 1 ಕೆ.ಜಿ.
- ಪ್ಯಾಂಟ್ ಎರಡು, ಟಾಪ್ ಐದು: 2.1 ಕೆ.ಜಿ.
- ರೇಷ್ಮೆ ಸೀರೆ ಒಂದು, ಲಂಗ, ರವಿಕೆ: 0.9 ಕೆ.ಜಿ.
- ನೈಟಿ ಎರಡು: 0.7 ಕೆ.ಜಿ.
- ಒಳಉಡುಪು ಎಂಟು, ಕಾಲುಚೀಲ ಆರು ಜೊತೆ: 1 ಕೆ.ಜಿ.
- ಸಂಜೆಯ ಚಪ್ಪಲಿ, ಕ್ಯಾಬಿನ್‌ಗೆ ಹವಾಯಿ ಚಪ್ಪಲಿ: 1 ಕೆ.ಜಿ.
- ಈಜುಡುಗೆ: 0.3 ಕೆ.ಜಿ.
- ಸೋಪು, ಎಣ್ಣೆ, ಕ್ರೀಮು: 1 ಕೆ.ಜಿ.
- ಬೈನಾಕ್ಯುಲರ್, ಚಾರ್ಜರ್ ಇತ್ಯಾದಿ: 1 ಕೆ.ಜಿ.
- ಪ್ಯಾಕೆಟ್ ತಿಂಡಿ: 1 ಕೆ.ಜಿ.

ಒಟ್ಟು 13.5 ಕೆ.ಜಿ. ಮಳೆ ಜಾಕೆಟ್, ಬೂಟು, ಒಂದು ಪ್ಯಾಂಟ್ ಮೈಮೇಲೆ ಇರುವುದರಿಂದ ಅವು ಈ ಲೆಕ್ಕಕ್ಕೆ ಬರುವುದಿಲ್ಲ. ವಾಪಸು ಬರುವಾಗ ಒದ್ದೆ ಬಟ್ಟೆ, ಕೊಂಡ ಸಾಮಾನು ಸೇರಿ ಮೂರು ಕೆ.ಜಿ. ಏರಿದರೂ ತೊಂದರೆಯಿಲ್ಲ. ಗಂಡಸರಿಗೆ ಸೀರೆಯ ಜಾಗದಲ್ಲಿ ಒಂದು ಕೋಟು ಅಥವಾ ಜುಬ್ಬಾ ಸೇರಿದರೆ ಹೆಚ್ಚುಕಮ್ಮಿ ಇದೇ ತೂಕ. ಮಗುವಿದ್ದರೆ ದಿನಕ್ಕೊಂದು ಜೊತೆ ಬಟ್ಟೆ, ಮೇಲೆ ಎರಡು ಜೊತೆ. ಡೈಪರ್ ಮಾತ್ರ ಎಣಿಸಿ ಪೂರ್ತಿ ತನ್ನಿ, ಹಡಗಿನ ಅಂಗಡಿಯನ್ನು ನಂಬಿಕೊಳ್ಳಬೇಡಿ.

ಹೆಚ್ಚಿನವರು ಎಡವುವುದು ಪಾದರಕ್ಷೆಯಲ್ಲಿ. ಒಂದು ಜೊತೆ ಬೂಟು ಒಂದು ಕೆ.ಜಿ. ಹತ್ತಿರ ತೂಗುತ್ತದೆ, ಮಡಚಲೂ ಆಗುವುದಿಲ್ಲ. ನಾಲ್ಕನೆಯ ಜೊತೆ ಕೈಗೆ ಬಂದರೆ ಅಲ್ಲೇ ಇಟ್ಟುಬಿಡಿ. ಇರುವ ಚಪ್ಪಲಿಗಳ ಒಳಗೆ ಕಾಲುಚೀಲ ತುರುಕಿ ಜಾಗ ಉಳಿಸಿ. ಬೈನಾಕ್ಯುಲರ್ ಇಬ್ಬರಿಗೆ ಒಂದು ಸಾಕು, ಆದರೆ ಬಿಟ್ಟು ಬರಬೇಡಿ. ದೂರದ ಬಂಡೆಯ ಮೇಲಿನ ಚುಕ್ಕೆ ಬೋಳುತಲೆ ಹದ್ದೋ ಬರೀ ಹಿಮವೋ ತಿಳಿಯುವುದು ಅದರಿಂದಲೇ. ನಿದ್ದೆಗೆ ಕಣ್ಣುಪಟ್ಟಿ ಇರಲಿ: ಜೂನ್‌ನಲ್ಲಿ ಜೂನೋದ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಮತ್ತೆ ಹುಟ್ಟುವುದು ನಾಲ್ಕಕ್ಕೆ.

ಫಾರ್ಮಲ್ ನೈಟ್‌ಗೆ ಒಂದೇ ಸೀರೆ

ಏಳು ರಾತ್ರಿಯಲ್ಲಿ ಒಂದೋ ಎರಡೋ ರಾತ್ರಿ ಮುಖ್ಯ ಊಟದ ಹಾಲ್‌ಗೆ ಚೆನ್ನಾಗಿ ಉಡುಗೆ ತೊಟ್ಟು ಬನ್ನಿ ಎಂದಿರುತ್ತದೆ. ಎರಡಿದ್ದರೂ ಒಂದೇ ಸೀರೆ ಸಾಕು, ರವಿಕೆ ಬದಲಿಸಿ. ದೊಡ್ಡ ಜರಿಯಂಚಿನ ಕಾಂಚೀಪುರಂ ಸೀರೆ ಇಲ್ಲಿಗೆ ಬೇಡ. ಅದು ಭಾರ, ಮಡಿಕೆ ಬಿದ್ದರೆ ಜರಿ ಮುರಿಯುತ್ತದೆ, ಮೇಲಾಗಿ ಹಡಗಿಗೆ ಇಸ್ತ್ರಿ ಪೆಟ್ಟಿಗೆ ಒಯ್ಯುವಂತಿಲ್ಲ. ಮೈಸೂರು ಕ್ರೇಪ್ ರೇಷ್ಮೆ ಹಗುರ, ಸುಕ್ಕು ಬೇಗ ಬಿಡುತ್ತದೆ. ಸೀರೆಯನ್ನು ಉದ್ದಕ್ಕೆ ಮಡಿಸಿ, ತೆಳು ಟವೆಲ್ಲಿನ ಸುತ್ತ ಸುರುಳಿ ಸುತ್ತಿ, ಹತ್ತಿಬಟ್ಟೆಯ ಚೀಲಕ್ಕೆ ಹಾಕಿ ಎಲ್ಲಕ್ಕಿಂತ ಮೇಲಿಡಿ. ಹಡಗಿಗೆ ಹೋದ ದಿನವೇ ಹ್ಯಾಂಗರ್‌ಗೆ ತೂಗುಹಾಕಿ. ಹಿಂದಿನ ಸಂಜೆ ಬಿಸಿನೀರಿನ ಶವರ್ ಬಿಟ್ಟು, ಹನಿ ತಾಗದ ಹಾಗೆ ಬಾತ್‌ರೂಮ್ ಬಾಗಿಲಿಗೆ ಹತ್ತು ನಿಮಿಷ ತೂಗಿಸಿದರೆ ಉಳಿದ ಸುಕ್ಕೂ ಸಡಿಲವಾಗುತ್ತದೆ. ಉಡುಗೆಯ ರಗಳೆಯೇ ಬೇಡ ಎನ್ನುವವರು ಆ ರಾತ್ರಿ ಬಫೆಗೆ ಹೋಗಬಹುದು. ಅಲ್ಲಿ ಯಾರೂ ಕೇಳುವುದಿಲ್ಲ.

ಏನು ಬಿಟ್ಟು ಬರಬೇಕು

ಬಂದರಿನಲ್ಲಿ ಪೋರ್ಟರ್ ಕೈಗೆ ಕೊಟ್ಟ ಎಲ್ಲ ಪೆಟ್ಟಿಗೆಗಳೂ ಎಕ್ಸ್‌ರೇ ಯಂತ್ರದಲ್ಲಿ ಹಾದುಹೋಗುತ್ತವೆ. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಸಣ್ಣ ರೈಸ್ ಕುಕ್ಕರ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್, ಮೇಣದಬತ್ತಿ, ಊದಬತ್ತಿ ಕಂಡರೆ ಪೆಟ್ಟಿಗೆಯನ್ನೇ ಭದ್ರತಾ ವಿಭಾಗದಲ್ಲಿ ತಡೆದಿಡುತ್ತಾರೆ. ನೀವು ಹೋಗಿ ಬಿಚ್ಚಿ ತೋರಿಸುವವರೆಗೆ ಅದು ಕ್ಯಾಬಿನ್‌ಗೆ ಬರುವುದಿಲ್ಲ. ಹಡಗಿನಲ್ಲಿ ಬೆಂಕಿಯ ಭಯ ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ಈ ವಿಷಯದಲ್ಲಿ ವಾದ ನಡೆಯುವುದಿಲ್ಲ. ದಿನಾ ದೀಪ ಹಚ್ಚುವ ಅಭ್ಯಾಸದವರು ಬ್ಯಾಟರಿಯ ಪುಟ್ಟ ದೀಪ ಇಟ್ಟುಕೊಳ್ಳಲಿ. ಬಿಸಿನೀರು ಬಫೆಯಲ್ಲಿ ಯಾವ ಹೊತ್ತಿಗೂ ಸಿಗುತ್ತದೆ, ಫ್ಲಾಸ್ಕ್ ಒಂದಿದ್ದರೆ ಆಯಿತು.

ಮನೆಯಲ್ಲಿ ಮಾಡಿದ ತಿಂಡಿಗೂ ಹಡಗಿನವರು ಒಪ್ಪುವುದಿಲ್ಲ. ಕೋಡುಬಳೆ, ಚಟ್ನಿಪುಡಿ, ಉಪ್ಪಿನಕಾಯಿ ಬೇಕೆಂದರೆ ಅಂಗಡಿಯ ಸೀಲ್ ಆದ ಪ್ಯಾಕೆಟ್ ತನ್ನಿ, ಒಬ್ಬರಿಗೆ ಒಂದು ಕೆ.ಜಿ.ಯೊಳಗೆ. ಅದಕ್ಕಿಂತ ಹೆಚ್ಚು ಬೇಕಾಗುವುದೂ ಇಲ್ಲ. ಭಾರತೀಯ ಸಸ್ಯಾಹಾರ ಬೇಕೆಂದು ಹೊರಡುವ ಒಂದೆರಡು ತಿಂಗಳ ಮೊದಲೇ ಕ್ರೂಸ್ ಕಂಪನಿಗೆ ತಿಳಿಸಿ, ಹತ್ತಿದ ದಿನ ಊಟದ ಹಾಲ್‌ನ ಮುಖ್ಯಸ್ಥರಿಗೆ ಇನ್ನೊಮ್ಮೆ ಹೇಳಿ. ಈರುಳ್ಳಿ-ಬೆಳ್ಳುಳ್ಳಿ ತಿನ್ನದಿದ್ದರೆ ಅದನ್ನೂ ಬಿಡಿಸಿ ಹೇಳಬೇಕು.

ಒಯ್ಯಬೇಕಾದ ಎರಡು ಸಣ್ಣ ವಸ್ತುಗಳು: ಅಯಸ್ಕಾಂತದ ಕೊಕ್ಕೆ ನಾಲ್ಕು, ಹಲವು ಯುಎಸ್‌ಬಿ ತೂತುಗಳಿರುವ ಒಂದು ಚಾರ್ಜರ್. ಹೆಚ್ಚಿನ ಹಡಗುಗಳ ಕ್ಯಾಬಿನ್ ಗೋಡೆ ಉಕ್ಕಿನದು, ಕೊಕ್ಕೆ ಗಟ್ಟಿಯಾಗಿ ಕಚ್ಚುತ್ತದೆ. ಒದ್ದೆ ಜಾಕೆಟ್, ಟೋಪಿ, ಬ್ಯಾಗ್ ಎಲ್ಲ ನೆಲ ಬಿಟ್ಟು ಗೋಡೆಗೇರುತ್ತವೆ.

ಹತ್ತುವ ದಿನದ ಕೈಚೀಲ

ಮಧ್ಯಾಹ್ನ ಪೋರ್ಟರ್‌ಗೆ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯೂ ಆಗಬಹುದು, ರಾತ್ರಿ ಊಟದ ಹೊತ್ತೂ ಆಗಬಹುದು. ಅಲ್ಲಿಯವರೆಗೆ ಬೇಕಾದದ್ದೆಲ್ಲ ಬೆನ್ನಿನ ಬ್ಯಾಗಿನಲ್ಲಿರಲಿ: ಪಾಸ್‌ಪೋರ್ಟ್, ವೀಸಾ, ಬೋರ್ಡಿಂಗ್ ಕಾಗದ, ಔಷಧಿ, ಕನ್ನಡಕ, ಒಡವೆ, ಪವರ್ ಬ್ಯಾಂಕ್, ಒಂದು ಸ್ವೆಟರ್, ಒಂದು ಜೊತೆ ಬದಲಿ ಬಟ್ಟೆ. ಔಷಧಿ ಏಳು ದಿನಕ್ಕಲ್ಲ, ಕನಿಷ್ಠ ಹನ್ನೆರಡು ದಿನಕ್ಕೆ, ವೈದ್ಯರ ಚೀಟಿಯ ಸಮೇತ. ಬಿಪಿ, ಶುಗರ್ ಮಾತ್ರೆ ಪೆಟ್ಟಿಗೆಯಲ್ಲಿ ಉಳಿದು ರಾತ್ರಿಯ ಡೋಸ್ ತಪ್ಪುವುದು ಹಿರಿಯರ ವಿಷಯದಲ್ಲಿ ಆಗಲೇಬಾರದ ತಪ್ಪು. ಹಡಗಿನ ಓಲಾಟಕ್ಕೆ ವಾಂತಿಯಾಗದಂತೆ ತೆಗೆದುಕೊಳ್ಳುವ ಮಾತ್ರೆ ಯಾವುದೆಂದು ಹೊರಡುವ ಮೊದಲೇ ಅವರ ವೈದ್ಯರನ್ನು ಕೇಳಿ.

ಗ್ರೀನ್ ಕಾರ್ಡ್ ಇಲ್ಲದ ಭಾರತೀಯ ಪಾಸ್‌ಪೋರ್ಟ್‌ನವರಿಗೆ ವಿಕ್ಟೋರಿಯಾದ ಸಲುವಾಗಿ ಕೆನಡಾ ವೀಸಾವೂ ಬೇಕು. ಅಮೆರಿಕದ ಬಂದರಿಂದ ಹೊರಟು ಅಲ್ಲಿಗೇ ಮರಳುವ ವಿದೇಶಿ ನೋಂದಣಿಯ ಹಡಗು ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕೆಂಬುದು 1886ರ ಕಾನೂನು. ಹೀಗಾಗಿ ಆ ನಿಲುಗಡೆ ತಪ್ಪುವುದಿಲ್ಲ.

ಕ್ರೂಸ್ ಕಂಪನಿ ಕಳಿಸುವ ಲಗೇಜ್ ಚೀಟಿಯನ್ನು ಮುದ್ರಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಹಿಡಿಕೆಗೆ ಕಟ್ಟಿ. ಬರೀ ಕಾಗದ ಸಿಯಾಟಲ್‌ನ ಮಳೆಗೆ ಹರಿದುಹೋಗುತ್ತದೆ. ಪೆಟ್ಟಿಗೆಯ ಒಳಗೂ ಹೆಸರು, ಕ್ಯಾಬಿನ್ ಸಂಖ್ಯೆ ಬರೆದ ಚೀಟಿ ಇಡಿ. ಹೊರಡುವ ಮುನ್ನ ಹಡಗಿನ ಹೆಸರು ನೋಡಿ ಅದು ನಿಲ್ಲುವ ಧಕ್ಕೆ (ಪಿಯರ್) ಯಾವುದೆಂದು ಖಚಿತ ಮಾಡಿಕೊಳ್ಳಿ. ಸಿಯಾಟಲ್‌ನಲ್ಲಿ ಪಿಯರ್ 66, ಪಿಯರ್ 91 ಎಂದು ಎರಡಿವೆ. ಪೆಟ್ಟಿಗೆ ಎಳೆದುಕೊಂಡು ಒಂದರಿಂದ ಇನ್ನೊಂದಕ್ಕೆ ನಡೆಯುವಷ್ಟು ಹತ್ತಿರ ಇಲ್ಲ.

ನಾಲ್ಕನೇ ದಿನದ ಒಗೆತ

ಪ್ರಿನ್ಸೆಸ್ ಕಂಪನಿಯ ಹಡಗುಗಳಲ್ಲಿ ಪ್ರಯಾಣಿಕರೇ ಒಗೆದುಕೊಳ್ಳುವ ಯಂತ್ರಗಳಿವೆ, ರಾಯಲ್ ಕೆರಿಬಿಯನ್ ಕಂಪನಿಯವುಗಳಲ್ಲಿ ಇಲ್ಲ. ಇಲ್ಲದ ಕಡೆ ದುಡ್ಡು ಕೊಟ್ಟು ಒಗೆಸಬಹುದು, ಅಥವಾ ಒಳಉಡುಪು, ಥರ್ಮಲ್‌ಗಳನ್ನು ವಾಶ್ ಬೇಸಿನ್‌ನಲ್ಲೇ ಒಗೆಯಬಹುದು. ಹಿಂಡಿದ ಬಟ್ಟೆಯನ್ನು ಒಣ ಟವೆಲ್ ಮೇಲೆ ಹರಡಿ, ಸುರುಳಿ ಸುತ್ತಿ, ಅದರ ಮೇಲೆ ಕಾಲಿಟ್ಟು ಒತ್ತಿ. ಟವೆಲ್ ನೀರು ಹೀರಿಕೊಳ್ಳುತ್ತದೆ. ಆಮೇಲೆ ಶವರ್‌ನಲ್ಲಿ ಎಳೆದು ಕಟ್ಟುವ ದಾರಕ್ಕೆ ಹಾಕಿದರೆ ಸಿಂಥೆಟಿಕ್ ಬಟ್ಟೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಕಾಟನ್ ಬನಿಯನ್ ಮಾತ್ರ ಆಟಿ ತಿಂಗಳ ಮಡಿಕೇರಿಯ ಹಾಗೆ ಎರಡು ದಿನ ಹಸಿಹಸಿಯಾಗಿಯೇ ಉಳಿಯುತ್ತದೆ.

ಕೊನೆಯ ರಾತ್ರಿ

ಎಂಟನೇ ದಿನ ಬೆಳಿಗ್ಗೆ ಇಳಿಯಲು ಎರಡು ದಾರಿ. ಒಂದು, ಹಿಂದಿನ ರಾತ್ರಿ ಹತ್ತು-ಹನ್ನೊಂದು ಗಂಟೆಯೊಳಗೆ ಬಣ್ಣದ ಚೀಟಿ ಕಟ್ಟಿದ ಪೆಟ್ಟಿಗೆಯನ್ನು ಬಾಗಿಲ ಹೊರಗಿಟ್ಟು, ಮರುದಿನ ಟರ್ಮಿನಲ್‌ನಲ್ಲಿ ಅದೇ ಬಣ್ಣದ ಸಾಲಿನಲ್ಲಿ ಪಡೆಯುವುದು. ಇನ್ನೊಂದು, ಎಲ್ಲವನ್ನೂ ನೀವೇ ಹೊತ್ತು ಮೊದಲ ತಂಡದಲ್ಲಿ ಇಳಿಯುವುದು. ಬೆಳಗಿನ ವಿಮಾನ ಇದ್ದವರಿಗೆ ಎರಡನೆಯದು ಅನುಕೂಲ. ಆದರೆ ಲಿಫ್ಟ್‌ಗಳ ಮುಂದೆ ಜನಜಂಗುಳಿ ಇರುತ್ತದೆ. ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆಯನ್ನು ತಾವೇ ಎಳೆದುಕೊಂಡು, ಬೇಕಾದರೆ ಒಂದು ಮಹಡಿ ಇಳಿಸುವಂತಿದ್ದರೆ ಮಾತ್ರ ಅದಕ್ಕೆ ಕೈಹಾಕಿ. ಅಪ್ಪ-ಅಮ್ಮ ಜೊತೆಗಿದ್ದರೆ ಮೊದಲನೆಯದೇ ಸರಿ.

ಪೆಟ್ಟಿಗೆ ಹೊರಗಿಡುವ ಮೊದಲು ಮರುದಿನ ತೊಡುವ ಪ್ಯಾಂಟ್, ಬೂಟು, ಜಾಕೆಟ್, ಹಲ್ಲುಜ್ಜುವ ಬ್ರಷ್, ಬೆಳಗಿನ ಮಾತ್ರೆಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟು ಎಣಿಸಿ. ರಾತ್ರಿ ಎಲ್ಲವನ್ನೂ ತುಂಬಿ ಕಳಿಸಿ, ಬೆಳಿಗ್ಗೆ ನೈಟಿ ಮೇಲೆ ಮಳೆ ಜಾಕೆಟ್ ಹಾಕಿಕೊಂಡು ಇಳಿಯುವವರು ಇದ್ದೇ ಇರುತ್ತಾರೆ. ಮಂಚದ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಗೋಡೆಯ ಅಯಸ್ಕಾಂತದ ಕೊಕ್ಕೆಗಳನ್ನು ಕೀಳಿ, ಸೇಫ್ ತೆರೆದಿಟ್ಟು ಹೊರಡಿ.