ಸ್ಪ್ಯಾನಿಷ್ ಕ್ಲಾಸಿನಲ್ಲಿ ಕೆಲಸದ ಇಂಟರ್‌ವ್ಯೂ: ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರಿಗೆ

ಮಗಳು ಹೈಸ್ಕೂಲಿನಿಂದ ತಂದ ಕಾಗದದಲ್ಲಿ ಹೀಗಿತ್ತು: ಮುಂದಿನ ಶುಕ್ರವಾರ ‘ಎಂತ್ರೆಬಿಸ್ತಾ ದೆ ತ್ರಬಾಹೊ’, ನೂರು ಅಂಕ, ಫಾರ್ಮಲ್ ಬಟ್ಟೆ ಹಾಕಿಕೊಂಡು ಬರಬೇಕು. ಎಂತ್ರೆಬಿಸ್ತಾ ಅಂದರೆ ಇಂಟರ್‌ವ್ಯೂ, ತ್ರಬಾಹೊ ಅಂದರೆ ಕೆಲಸ. ಭಾಷೆಯ ಕ್ಲಾಸಿನಲ್ಲಿ ಪದ್ಯ, ವ್ಯಾಕರಣ, ಕಂಠಪಾಠ ಅಂತ ಬೆಳೆದ ನಮಗೆ ಇದು ವಿಚಿತ್ರವಾಗಿ ಕಂಡಿತು. ಕೆಲಸ ಹುಡುಕೋದನ್ನ ಸ್ಪ್ಯಾನಿಷ್ ಟೀಚರ್ ಯಾಕೆ ಹೇಳಿಕೊಡಬೇಕು? ಅದೂ ಹದಿನಾರು ವರ್ಷದ ಮಕ್ಕಳಿಗೆ?

ಇಲ್ಲಿನ ಹೈಸ್ಕೂಲುಗಳಲ್ಲಿ ಭಾಷೆಯನ್ನು ತರಗತಿಯ ಪ್ರಕಾರವಲ್ಲ, ಹಂತದ ಪ್ರಕಾರ ಕಲಿಸುತ್ತಾರೆ. ಸ್ಪ್ಯಾನಿಷ್ 1, 2, 3, 4, ಆಮೇಲೆ ಎಪಿ, ಅಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠ. ಒಂಬತ್ತನೇ ಕ್ಲಾಸಿನ ಹುಡುಗನೂ ಹನ್ನೊಂದನೇ ಕ್ಲಾಸಿನ ಹುಡುಗಿಯೂ ಒಂದೇ ಸ್ಪ್ಯಾನಿಷ್ 2ರಲ್ಲಿ ಕೂತಿರಬಹುದು. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಲು ಹೈಸ್ಕೂಲಿನಲ್ಲಿ ಎರಡು ವರ್ಷ ಇಂಗ್ಲಿಷ್ ಅಲ್ಲದ ಭಾಷೆ ಕಲಿತಿರಬೇಕು. ಮೂರು ವರ್ಷ ಇದ್ದರೆ ಒಳ್ಳೆಯದು ಅಂತ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರೇ ಹೇಳುತ್ತಾರೆ. ಹಾಗಾಗಿ ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಸ್ಪ್ಯಾನಿಷ್ 3ರ ತನಕ ಹೋಗೇ ಹೋಗುತ್ತಾರೆ. ಕೆಲಸದ ಪಾಠ ಸಾಮಾನ್ಯವಾಗಿ ಎದುರಾಗೋದು ಆ ಆಸುಪಾಸಿನಲ್ಲೇ.

ಅಂಕ ಕೊಡುವ ರೀತಿಯೂ ಬೇರೆ. ವಿದೇಶಿ ಭಾಷೆ ಕಲಿಸುವವರಿಗೆ ಇಲ್ಲಿ ರಾಷ್ಟ್ರಮಟ್ಟದ ಮಾನದಂಡ ಅಂತ ಒಂದಿದೆ, 1996ರಲ್ಲಿ ಮೊದಲು ಬಂತು. ಐದು ‘ಸಿ’ಗಳು ಅಂತ ಟೀಚರುಗಳು ಹೇಳುತ್ತಾರೆ: ಕಮ್ಯುನಿಕೇಷನ್, ಕಲ್ಚರ್ಸ್, ಕನೆಕ್ಷನ್ಸ್, ಕಂಪ್ಯಾರಿಸನ್ಸ್, ಕಮ್ಯುನಿಟೀಸ್. ಮಗುವಿಗೆ ಭಾಷೆಯ ಬಗ್ಗೆ ಏನು ಗೊತ್ತು ಅನ್ನೋದಕ್ಕಿಂತ ಆ ಭಾಷೆಯಲ್ಲಿ ಏನು ಮಾಡಬಲ್ಲದು ಅನ್ನೋದನ್ನ ಅಳೆಯುವ ಪದ್ಧತಿ ಇದು. ಕೆಲಸ ಹುಡುಕುವ ಪಾಠ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸ್ಪ್ಯಾನಿಷ್‌ನಲ್ಲಿರುವ ನಿಜವಾದ ಜಾಹೀರಾತು ಓದಿ ಅರ್ಥ ಮಾಡಿಕೊಂಡರೆ ಓದು ಮುಗಿಯಿತು, ರೆಸ್ಯೂಮೆ ಮತ್ತು ಅರ್ಜಿಪತ್ರದಲ್ಲಿ ಬರವಣಿಗೆ ಆಯಿತು, ಇಂಟರ್‌ವ್ಯೂನಲ್ಲಿ ಎದುರಾಎದುರು ಮಾತು. ಮೂರೂ ಒಂದೇ ದಾರದಲ್ಲಿ. ಈ ದೇಶದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವರೇ ನಾಲ್ಕು ಕೋಟಿಗೂ ಹೆಚ್ಚು ಜನ ಇರುವಾಗ, ಆಸ್ಪತ್ರೆಯ ಫ್ರಂಟ್ ಡೆಸ್ಕಿನಲ್ಲೋ ಬ್ಯಾಂಕಿನಲ್ಲೋ ಈ ಭಾಷೆ ಬರುವವರಿಗೆ ಬೆಲೆ ಇದ್ದೇ ಇದೆ.

ಈಗ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ, ನೀವಾದರೂ ಮಾಡಬೇಡಿ. ಮಗಳು ಬರೆದಿದ್ದ ಅರ್ಜಿಪತ್ರ ತೀರಾ ಬಾಲಭಾಷೆ ಅನ್ನಿಸಿತು. ‘ನನಗೆ ಮಕ್ಕಳು ಇಷ್ಟ. ನಾನು ಸಮಯಕ್ಕೆ ಬರುತ್ತೇನೆ’, ಇಂಥ ವಾಕ್ಯಗಳು. ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದು ಟ್ರಾನ್ಸ್‌ಲೇಟರ್‌ಗೆ ಹಾಕಿ ಕೊಟ್ಟೆ. ಟೀಚರ್ ಒಂದು ಕ್ರಿಯಾಪದದ ಸುತ್ತ ಪೆನ್ಸಿಲ್‌ನಲ್ಲಿ ಗುಂಡು ಹಾಕಿ, ಇವಳನ್ನ ಕರೆದು, ಇದರ ಅರ್ಥ ಏನು ಅಂತ ಕೇಳಿದರು. ‘ಉಬಿಯೆರಾ ತೆನೀದೊ’ ಅಂತ ಇತ್ತು, ‘ಇದ್ದಿದ್ದರೆ’ ಅನ್ನುವಂಥ ರೂಪ. ಕ್ಲಾಸಿನಲ್ಲಿ ಅದನ್ನ ಇನ್ನೂ ಕಲಿಸೇ ಇರಲಿಲ್ಲ. ಸೊನ್ನೆ ಬಂತು, ಮನೆಗೆ ಇಮೇಲೂ ಬಂತು. ಇಮೇಲಿನ ಸಾರ: ನನಗೆ ಅವಳ ತಪ್ಪುಗಳು ಬೇಕು, ನಿಮ್ಮ ಸರಿ ಬೇಡ. ಇಲ್ಲಿ ಇದನ್ನ ಕಾಪಿ ಹೊಡೆಯೋದಕ್ಕೆ ಸಮ ಅಂತಲೇ ನೋಡುತ್ತಾರೆ. ಮತ್ತೆ ಬರೆಯಲು ಅವಕಾಶ ಸಿಕ್ಕಿದ್ದು ನಮ್ಮ ಪುಣ್ಯ.

ಹಾಗಾದರೆ ಸ್ಪ್ಯಾನಿಷ್ ಬಾರದ ನಾವು ಏನೂ ಮಾಡುವ ಹಾಗಿಲ್ಲವೇ? ಇದೆ. ನಮ್ಮ ಹತ್ತಿರ ಕನ್ನಡ ಇದೆ.

ಇಂಗ್ಲಿಷ್ ಮಾತ್ರ ಗೊತ್ತಿರುವ ಮಕ್ಕಳು ಈ ಇಂಟರ್‌ವ್ಯೂನಲ್ಲಿ ಎಡವುವ ಮೊದಲ ಜಾಗ ‘ತೂ’ ಮತ್ತು ‘ಉಸ್ತೆದ್’. ತೂ ಅಂದರೆ ನೀನು, ಉಸ್ತೆದ್ ಅಂದರೆ ನೀವು. ಇಂಟರ್‌ವ್ಯೂ ಮಾಡುವವರು ಹೇಗಿದ್ದೀರಿ ಅಂತ ಕೇಳುತ್ತಾರೆ. ಹುಡುಗ ‘ಬಿಯೆನ್, ಇ ತೂ?’ ಅಂದುಬಿಡುತ್ತಾನೆ. ಮ್ಯಾನೇಜರ್ ಮುಂದೆ ಕೂತು ‘ಚೆನ್ನಾಗಿದ್ದೀನಿ, ನೀನು?’ ಅಂದ ಹಾಗೆ. ಆರಂಭದಲ್ಲೇ ಅಂಕ ಹೋಯಿತು. ಇಂಗ್ಲಿಷಿನಲ್ಲಿ ಎಲ್ಲರೂ ‘ಯೂ’ ಆದ್ದರಿಂದ ಅವರಿಗೆ ಇದು ನೆನಪಿಟ್ಟುಕೊಳ್ಳಬೇಕಾದ ನಿಯಮ. ಅಜ್ಜಿಯ ಜೊತೆ ವಿಡಿಯೊ ಕಾಲ್‌ನಲ್ಲಿ ‘ನೀವು ಊಟ ಮಾಡಿದ್ರಾ’ ಅಂತ ಕೇಳಿ ಬೆಳೆದ ಮಗುವಿಗೆ ಅದು ನಾಲಿಗೆಯ ಮೇಲೇ ಇರುತ್ತದೆ. (ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಅಪ್ಪ, ಅಮ್ಮ, ಬಂದ ನೆಂಟರು ಎಲ್ಲರನ್ನೂ ಒಂದೇ ಉಸಿರಿನಲ್ಲಿ ‘ನೀನು’ ಅನ್ನುತ್ತಾರೆ ಅನ್ನೋದೂ ನಿಜ. ಆ ಮನೆಗಳಲ್ಲಿ ಈ ಲಾಭ ಸಿಗೋದಿಲ್ಲ.)

ಇನ್ನೊಂದು, ‘ಮೆ ಗುಸ್ತಾ’. ಇಂಗ್ಲಿಷ್ ಮಕ್ಕಳಿಗೆ ಇದು ತಲೆಕೆಳಗಾದ ವಾಕ್ಯ, ವಾರಗಟ್ಟಲೆ ಒದ್ದಾಡುತ್ತಾರೆ. ‘ನನಗೆ ಇಷ್ಟ’ ಅಂದ ಹಾಗೆಯೇ ಅಂತ ನಾನು ಹೇಳಿದ ಕ್ಷಣ ಮಗಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ‘ಪೋರ್ ಕೆ ಲೆ ಇಂತೆರೇಸಾ ಎಸ್ತೆ ಪ್ವೆಸ್ತೊ?’ ಅನ್ನೋದು ಇಂಟರ್‌ವ್ಯೂನ ಖಾಯಂ ಪ್ರಶ್ನೆ: ‘ನಿಮಗೆ ಈ ಕೆಲಸದಲ್ಲಿ ಯಾಕೆ ಆಸಕ್ತಿ?’ ಲೆ ಅಂದರೆ ‘ನಿಮಗೆ’, ಮೆ ಅಂದರೆ ‘ನನಗೆ’. ಅಷ್ಟೇ.

ಅನುಭವ ಹೇಳುವಾಗ ಎರಡು ಭೂತಕಾಲ ಬೇಕಾಗುತ್ತವೆ. ಒಮ್ಮೆ ಆಗಿ ಮುಗಿದದ್ದಕ್ಕೆ ‘ತ್ರಬಾಹೆ’, ಆಗ ನಡೆಯುತ್ತಿದ್ದುದಕ್ಕೆ ‘ತ್ರಬಾಹಾಬಾ’. ಸುಮಾರಾಗಿ ನಮ್ಮ ‘ಕೆಲಸ ಮಾಡಿದೆ’, ‘ಕೆಲಸ ಮಾಡ್ತಿದ್ದೆ’. ಎಲ್ಲ ಕಡೆ ತಾಳೆಯಾಗೋದಿಲ್ಲ, ಆದರೆ ಗೊಂದಲವಾದಾಗ ಮೊದಲು ಕನ್ನಡದಲ್ಲಿ ಹೇಳಿ ನೋಡು ಅಂದರೆ ಹತ್ತರಲ್ಲಿ ಎಂಟು ಸಲ ದಾರಿ ಸಿಗುತ್ತದೆ. ಉಚ್ಚಾರಣೆಯಲ್ಲೂ ಹಾಗೇ: ಸ್ಪ್ಯಾನಿಷ್‌ನಲ್ಲಿ ಇರೋದು ನಮ್ಮ ತಕಾರ, ಇಂಗ್ಲಿಷಿನ ಟಕಾರ ಅಲ್ಲ.

ಕನ್ನಡ ನೆರವಿಗೆ ಬರದ ಜಾಗ ಅಂದರೆ ಇಂಗ್ಲಿಷಿನ ಹಾಗೆ ಕಾಣುವ ಪದಗಳು. ‘ಕೊಲೇಹಿಯೊ’ ಕಾಲೇಜಲ್ಲ, ಸ್ಕೂಲು. ‘ಅಸಿಸ್ತೀರ್’ ಅಂದರೆ ಸಹಾಯ ಮಾಡೋದಲ್ಲ, ಹಾಜರಾಗೋದು. ‘ಸೊಯ್ ಸೆನ್ಸೀಬ್ಲೆ’ ಅಂತ ಬರೆದರೆ ವಿವೇಕ ಇರುವವನು ಅಂತ ಆಗೋದಿಲ್ಲ, ಬೇಗ ಮನಸ್ಸು ನೋಯಿಸಿಕೊಳ್ಳುವವನು ಅಂತ ಆಗುತ್ತದೆ. ಈ ಮೂರೂ ಕೆಲಸದ ಅರ್ಜಿಯಲ್ಲೇ ಬರುವಂಥವು.

ರೆಸ್ಯೂಮೆ ವಿಷಯದಲ್ಲಿ ನಾವು ಸುಮ್ಮನಿರೋದೇ ವಾಸಿ, ಯಾಕೆಂದರೆ ನಮ್ಮ ತಲೆಯಲ್ಲಿ ಬಯೋಡೇಟಾ ಕೂತಿದೆ. ಅಪ್ಪನ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸೈಜ್ ಫೋಟೊ. ಅಮೆರಿಕದ ರೆಸ್ಯೂಮೆಯಲ್ಲಿ ಇವು ಯಾವುವೂ ಇರಬಾರದು. ಬಣ್ಣ, ಧರ್ಮ, ಲಿಂಗ, ಹುಟ್ಟಿದ ದೇಶ ನೋಡಿ ಕೆಲಸ ನಿರಾಕರಿಸುವಂತಿಲ್ಲ ಅಂತ 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೇಳುತ್ತದೆ. ಹಾಗಾಗಿ ಅಂಥ ವಿವರ ಕಣ್ಣಿಗೆ ಬೀಳದಿರಲಿ ಅಂತಲೇ ಕಂಪನಿಗಳು ಬಯಸುತ್ತವೆ. ಸ್ವಾರಸ್ಯ ಏನೆಂದರೆ ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದ ಎಷ್ಟೋ ಕಡೆ ಫೋಟೊ, ಹುಟ್ಟಿದ ದಿನ, ಮದುವೆಯಾಗಿದೆಯೋ ಇಲ್ಲವೋ ಅನ್ನೋದನ್ನ ಹಾಕುವ ರೂಢಿ ಉಂಟು. ನಮ್ಮ ಹಳೆಯ ಬಯೋಡೇಟಾದ ದಾಯಾದಿಯೇ. ಈ ವ್ಯತ್ಯಾಸದ ಬಗ್ಗೆ ಕ್ಲಾಸಿನಲ್ಲಿ ಚರ್ಚೆ ಮಾಡಿಸುತ್ತಾರೆ, ಐದು ‘ಸಿ’ಗಳಲ್ಲಿ ಕಂಪ್ಯಾರಿಸನ್ಸ್ ಅಂದರೆ ಇದೇ. ಆಗ ನಿಮ್ಮ ಮಗುವಿಗೆ ಮೂರನೇ ಉದಾಹರಣೆ ಕೊಡಲು ಸಾಧ್ಯ, ಬೇರೆಯವರಿಗೆ ಇರೋದು ಎರಡೇ. ಅರ್ಜಿಯಲ್ಲಿ ‘ಅಪೆಯೀದೊಸ್’ ಅಂತ ಒಂದು ಕಲಂ ಇರುತ್ತದೆ, ಅಂದರೆ ಸರ್‌ನೇಮ್‌ಗಳು, ಬಹುವಚನ. ಸ್ಪ್ಯಾನಿಷ್ ಪದ್ಧತಿಯಲ್ಲಿ ಅಪ್ಪನದೊಂದು, ಅಮ್ಮನದೊಂದು. ಇನಿಷಿಯಲ್ ಮಾತ್ರ ಇರುವ ನಮ್ಮ ಮಕ್ಕಳು ಅಲ್ಲಿ ನಿಂತುಬಿಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಏನಿದೆಯೋ ಅದೊಂದನ್ನೇ ಬರೆದರೆ ಸಾಕು.

ಮಗಳಿಗೆ ನಿಜಕ್ಕೂ ಕಷ್ಟವಾದದ್ದು ಭಾಷೆಯಲ್ಲ. ‘ಆಬ್ಲೆಮೆ ದೆ ಉಸ್ತೆದ್’, ನಿಮ್ಮ ಬಗ್ಗೆ ಹೇಳಿ ಅಂದಾಗ ಅವಳು ಸುಮ್ಮನಾಗಿಬಿಟ್ಟಳು. ತನ್ನನ್ನ ತಾನೇ ಹೊಗಳಿಕೊಳ್ಳಬಾರದು ಅಂತ ನಾವೇ ಹೇಳಿಕೊಟ್ಟಿದ್ದೇವೆ, ‘ನಾನು’ ಅನ್ನಬೇಕಾದ ಕಡೆ ‘ನಾವು’ ಅನ್ನಿಸಿದ್ದೇವೆ. ಇಲ್ಲಿ ಹಾಗೆ ಹೇಳಿದರೆ ‘ಸರಿ, ಅದರಲ್ಲಿ ನೀವು ಏನು ಮಾಡಿದಿರಿ’ ಅಂತ ಮತ್ತೆ ಕೇಳುತ್ತಾರೆ. ಸಂದರ್ಭ ಏನಿತ್ತು, ನನ್ನ ಪಾಲಿಗೆ ಏನು ಬಂತು, ಏನು ಮಾಡಿದೆ, ಕೊನೆಗೆ ಏನಾಯಿತು, ಈ ಕ್ರಮದಲ್ಲಿ ಹೇಳೋದನ್ನ ಇಲ್ಲಿ ಸ್ಟಾರ್ ವಿಧಾನ ಅನ್ನುತ್ತಾರೆ. ಇದರಲ್ಲಿ ಜಂಬ ಎಲ್ಲಿಯೂ ಇಲ್ಲ, ನಡೆದದ್ದನ್ನ ಹೇಳೋದಷ್ಟೇ. ಸ್ಪ್ಯಾನಿಷ್‌ನಲ್ಲಂತೂ ಕ್ರಿಯಾಪದದ ಕೊನೆಯಲ್ಲೇ ಕರ್ತೃ ಇರುವುದರಿಂದ ‘ಯೋ, ಯೋ’ ಅಂತ ನಾನು-ನಾನು ಹೇರಬೇಕಾಗಿಲ್ಲ. ‘ಒರ್ಗನಿಸೆ’ ಅಂದರೆ ‘ಏರ್ಪಾಡು ಮಾಡಿದೆ’. ನಮ್ಮಲ್ಲೂ ‘ಮಾಡಿದೆ’ ಅಂದರೆ ಸಾಕಲ್ಲ. ಇದನ್ನ ತೋರಿಸಿದ ಮೇಲೆ ಅವಳ ಸಂಕೋಚ ಅರ್ಧ ಇಳಿಯಿತು.

ಎಪಿ ಸ್ಪ್ಯಾನಿಷ್‌ವರೆಗೆ ಹೋಗುವವರಿಗೆ ಇದು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ, ಆ ಪರೀಕ್ಷೆಯಲ್ಲಿ ಮಾತನ್ನು ರೆಕಾರ್ಡ್ ಮಾಡುವ ಭಾಗ ಇದೆ. ಎರಡು ಭಾಷೆ ಚೆನ್ನಾಗಿ ಬಲ್ಲವರಿಗೆ ಡಿಪ್ಲೊಮಾ ಮೇಲೆ ಸೀಲ್ ಆಫ್ ಬೈಲಿಟರಸಿ ಅಂತ ಮುದ್ರೆ ಹಾಕಿಕೊಡುವ ಪದ್ಧತಿಗೆ 2011ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು, ಆಮೇಲೆ ಬೇರೆ ರಾಜ್ಯಗಳಿಗೂ ಹರಡಿತು. ಅರ್ಹತೆಯ ಮಟ್ಟ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಕನ್ನಡ ಕಲಿಕೆಗೂ ಕ್ರೆಡಿಟ್ ಕೊಡುತ್ತವೆ, ಕೌನ್ಸೆಲರ್ ಹತ್ತಿರ ಕೇಳಲು ನಾಚಿಕೆ ಬೇಡ.

ಕ್ಲಾಸಿನ ಇಂಟರ್‌ವ್ಯೂ ಮುಗಿಸಿ ಬಂದ ಮಗು ನಿಜವಾದ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಅಂತ ಹೊರಡುತ್ತದೆ. ಅಲ್ಲಿ ಮೊದಲು ವೀಸಾ ನೋಡಿ. ಎಚ್-4, ಅಂದರೆ ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರ ಕುಟುಂಬದ ವೀಸಾ, ಅದರ ಮೇಲಿರುವ ಮಕ್ಕಳು ಸಂಬಳದ ಕೆಲಸ ಮಾಡುವಂತಿಲ್ಲ. 2015ರಿಂದ ಬಂದಿರುವ ಎಚ್-4 ಇಎಡಿ (ಕೆಲಸ ಮಾಡಲು ಕೊಡುವ ಅನುಮತಿ ಕಾರ್ಡು) ಕೆಲವು ಗಂಡ-ಹೆಂಡತಿಯರಿಗೆ ಮಾತ್ರ, ಮಕ್ಕಳಿಗಲ್ಲ. ಗ್ರೀನ್ ಕಾರ್ಡಿಗೆ ಐ-485 ಅನ್ನುವ ಅರ್ಜಿ ಹಾಕಿರುವ ಮಕ್ಕಳು ಪ್ರತ್ಯೇಕವಾಗಿ ಇಎಡಿ ಪಡೆಯಬಹುದು. ಸಂಬಳ ಇಲ್ಲದಿದ್ದರೆ ತೊಂದರೆಯಿಲ್ಲ ಅಂತ ಖಾಸಗಿ ಕಂಪನಿಯ ಇಂಟರ್ನ್‌ಶಿಪ್‌ಗೆ ಕಳಿಸುವ ಮೊದಲು ವಕೀಲರನ್ನ ಕೇಳಿ, ಅದೂ ಕೆಲಸ ಅಂತ ಲೆಕ್ಕಕ್ಕೆ ಬರಬಹುದು. ಲೈಬ್ರರಿ, ಫುಡ್ ಬ್ಯಾಂಕ್‌ಗಳಲ್ಲಿ ಎಲ್ಲರೂ ಮಾಡುವ ಸ್ವಯಂಸೇವೆ ಬೇರೆ ಮಾತು. ಈ ವಿಷಯ ಮಗುವಿಗೆ ಮೊದಲೇ ಹೇಳಿಬಿಡಿ. ಗೆಳೆಯರೆಲ್ಲ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸಕ್ಕೆ ಸೇರುವಾಗ ಕೊನೇ ಗಳಿಗೆಯಲ್ಲಿ ಬೇಡ ಅಂದರೆ ಅದರ ನೋವು ಹೆಚ್ಚು.

ಪೌರತ್ವವೋ ಗ್ರೀನ್ ಕಾರ್ಡೋ ಇದ್ದರೆ ವಯಸ್ಸಿನ ನಿಯಮ ಮಾತ್ರ. ಫೆಡರಲ್ ಕಾನೂನಿನ ಪ್ರಕಾರ ಹೆಚ್ಚಿನ ಕೆಲಸಗಳಿಗೆ ಕನಿಷ್ಠ ವಯಸ್ಸು 14. ಹದಿನಾಲ್ಕು-ಹದಿನೈದರ ಮಕ್ಕಳು ಸ್ಕೂಲಿರುವ ದಿನ 3 ಗಂಟೆ, ಸ್ಕೂಲಿರುವ ವಾರದಲ್ಲಿ 18 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ರಾಜ್ಯದ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ನಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಮುಗಿಸದ, 18 ತುಂಬದ ಮಕ್ಕಳಿಗೆ ವರ್ಕ್ ಪರ್ಮಿಟ್ ಬೇಕು. ಅದು ಸಿಗೋದು ಸ್ಕೂಲಿನಲ್ಲೇ, ನಿಮ್ಮ ಸಹಿಯೂ ಬೇಕು. ಆ ಸಹಿಯ ಆಚೆಗೆ ನಿಮ್ಮ ಪಾತ್ರ ಇಲ್ಲ. ಇಂಟರ್‌ವ್ಯೂಗೆ ಕಾರಿನಲ್ಲಿ ಬಿಡಿ, ಒಳಗೆ ಹೋಗಬೇಡಿ, ಮ್ಯಾನೇಜರ್‌ಗೆ ಫೋನ್ ಮಾಡಬೇಡಿ.

ಗುರುವಾರ ರಾತ್ರಿ ಊಟದ ಮೇಜಿನ ಆ ಕಡೆ ನಾನು ಕೂತೆ, ಈ ಕಡೆ ಅವಳು, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು. ನಾನು ಕನ್ನಡದಲ್ಲಿ ಬಹುವಚನದಲ್ಲೇ ಕೇಳೋದು, ಅವಳು ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಡೋದು ಅಂತ ಒಪ್ಪಂದ. ‘ನಿಮ್ಮ ದೌರ್ಬಲ್ಯ ಏನು ಹೇಳಿ’ ಅಂದೆ. ಅವಳು ಒಂದು ನಿಮಿಷ ಬಿಡದೆ ಮಾತಾಡಿದಳು. ನನಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ನಡುವೆ ಎಲ್ಲೋ ‘ಮಿ ಮಮಾ’ ಅಂತ ಕೇಳಿಸಿತು. ಅದೇನು ಅಂತ ಇವತ್ತಿಗೂ ಹೇಳಿಲ್ಲ.