ನಮ್ಮ ಮದುವೆ ನಡೆದಿದ್ದು ಹೀಗೆ ಎಂದೇ ಹೇಳಿದೆ: ಮುಂಬೈನಲ್ಲಿ ನನ್ನ ವೀಸಾ ಸಂದರ್ಶನ

ನನ್ನ ಗಂಡ ಅಮೆರಿಕದ ಪ್ರಜೆ, ಕೆಲಸ ಡಲ್ಲಾಸ್‌ನಲ್ಲಿ. ನಾನು ಹಾಸನದವಳು. ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ವೀಸಾ ವಿಷಯ ಬಂದಾಗಲೆಲ್ಲ ನೆಂಟರು ಹೇಳುತ್ತಿದ್ದದ್ದು ಒಂದೇ ಮಾತು: "ಅರೇಂಜ್ಡ್ ಅಂತ ಬಾಯಿ ಬಿಡಬೇಡ, ಅವರು ನಂಬಲ್ಲ. ಲವ್ ಮ್ಯಾರೇಜ್ ಅಂದುಬಿಡು." ನಾನು ಹಾಗೆ ಮಾಡಲಿಲ್ಲ. ನೀವೂ ಮಾಡಬೇಡಿ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಂಡ ಅಲ್ಲಿಂದ ಐ-130 ಹಾಕಿದರು, ಅಂದರೆ ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಜಿ. ಅದು ಒಪ್ಪಿಗೆಯಾದ ಮೇಲೆ ಕಡತ ಸಂದರ್ಶನಕ್ಕೆ ಮುಂಚೆ ಕಾಗದಪತ್ರ ನೋಡುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರಿಗೆ ಹೋಯಿತು. ಅಲ್ಲಿ ಶುಲ್ಕ ಕಟ್ಟಿ, ಡಿಎಸ್-260 ಅನ್ನುವ ಆನ್‌ಲೈನ್ ವೀಸಾ ಅರ್ಜಿ ತುಂಬಿ, ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಹಾಕಬೇಕು. ಗಂಡನ ಕಡೆಯಿಂದ ಐ-864 ಬೇಕು, ಅಂದರೆ ಹೆಂಡತಿಯನ್ನು ಸಾಕುವಷ್ಟು ಆದಾಯ ಇದೆ ಅನ್ನುವ ಬದ್ಧತೆ. ಆದಾಯ ಅಲ್ಲಿನ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು. ಕಡಿಮೆ ಬಿದ್ದರೆ ಇನ್ನೊಬ್ಬರು ಜಂಟಿಯಾಗಿ ಸಹಿ ಹಾಕಬಹುದು.

ನನಗೆ ಜಾಸ್ತಿ ಓಡಾಟವಾಗಿದ್ದು ಹೆಸರಿಗಾಗಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದ ಉದ್ದ ಹೆಸರು. ಜನನ ಪ್ರಮಾಣಪತ್ರದಲ್ಲಂತೂ ಹೆಸರೇ ಇಲ್ಲ, "ಹೆಣ್ಣು" ಅಂತಷ್ಟೇ ಇದೆ, ಪಕ್ಕದಲ್ಲಿ ಅಪ್ಪ ಅಮ್ಮನ ಹೆಸರು. ನಮ್ಮ ಕಡೆ ನಾಮಕರಣಕ್ಕೆ ಮೊದಲೇ ಜನನ ಬರೆಸಿ, ಆಮೇಲೆ ಹೆಸರು ಸೇರಿಸದೆ ಬಿಟ್ಟವರು ಎಷ್ಟೋ ಜನ ಇದ್ದಾರೆ, ಅಲ್ವಾ? ಜನನ ನೋಂದಣಿಯಾದ ಕಚೇರಿಗೇ ಹೋಗಿ, ಅಂಕಪಟ್ಟಿ ತೋರಿಸಿ, ಹೆಸರು ಸೇರಿಸಿದ ಹೊಸ ಪ್ರತಿ ತೆಗೆಸಿದೆ. ಈ ಹೆಸರುಗಳೆಲ್ಲ ನನ್ನ ಮಗಳದ್ದೇ ಅಂತ ಅಪ್ಪ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿದರು. ಕನ್ನಡದಲ್ಲಿದ್ದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿದೆ. ಅನುವಾದ ಸರಿಯಾಗಿದೆ ಅಂತ ಮಾಡಿದವರು ಬರೆದು ಸಹಿ ಹಾಕಿರಬೇಕು, ಅದನ್ನು ನೋಡಿಕೊಳ್ಳಿ.

ಮದುವೆಗೆ ಛತ್ರದ ರಸೀದಿ, ದೇವಸ್ಥಾನದ ಚೀಟಿ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪ್ರಮಾಣಪತ್ರವೇ ಬೇಕು. ಗಂಡ ರಜೆ ಮುಗಿಸಿ ಹೊರಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಸಿಕ್ಕಿತು, ತೊಂದರೆಯಾಗಲಿಲ್ಲ. ವೈದ್ಯಕೀಯ ಪರೀಕ್ಷೆಯನ್ನು ಅಮೆರಿಕನ್ ಕಾನ್ಸುಲೇಟಿನವರು ಸೂಚಿಸಿದ ವೈದ್ಯರ ಬಳಿಯೇ ಮಾಡಿಸಬೇಕು. ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ, ಬಾಕಿ ಇದ್ದ ಲಸಿಕೆಗಳು, ಅಷ್ಟೇ. ಮುಚ್ಚಿದ ಲಕೋಟೆ ಕೈಗೆ ಕೊಟ್ಟರೆ ಒಡೆಯಬೇಡಿ.

ಸಂದರ್ಶನ ಮುಂಬೈನಲ್ಲಿ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಅಮೆರಿಕನ್ ಕಾನ್ಸುಲೇಟಿನಲ್ಲಿ. ಅದಕ್ಕೆ ಮುಂಚೆ ಬೇರೆ ಕೇಂದ್ರದಲ್ಲಿ ಬೆರಳಚ್ಚು, ಫೋಟೋ ಮುಗಿಸಿದ್ದೆ. ಅಪ್ಪ ಜೊತೆಗೆ ಬಂದಿದ್ದರು. ಫೋನು ಒಳಗೆ ಬಿಡುವುದಿಲ್ಲವಾದ್ದರಿಂದ ಅವರ ಕೈಗೇ ಕೊಟ್ಟೆ. "ಕೇಳಿದ್ದಕ್ಕಷ್ಟೇ ಹೇಳು ಮಗಳೇ, ಗಾಬರಿ ಆಗಬೇಡ" ಅಂದರು.

ಒಳಗೆ ಮೊದಲ ಕಿಟಕಿಯಲ್ಲಿ ಮೂಲ ದಾಖಲೆಗಳನ್ನು ತೆಗೆದುಕೊಂಡರು. ಕೇಳಿದ ಕಾಗದ ತಕ್ಷಣ ಕೈಗೆ ಸಿಗುವ ಹಾಗೆ ಫೈಲ್ ಜೋಡಿಸಿದ್ದು ಇಲ್ಲಿ ತುಂಬಾ ಉಪಯೋಗಕ್ಕೆ ಬಂತು. ಆಮೇಲೆ ಕಾಯುವುದು. ಕೊನೆಗೆ ಅಧಿಕಾರಿಯ ಕಿಟಕಿ. ನಡುವೆ ದಪ್ಪ ಗಾಜು, ಮಾತೆಲ್ಲ ಮೈಕಿನಲ್ಲಿ. ಬಲಗೈ ಎತ್ತಿ, ಹೇಳುವುದೆಲ್ಲ ಸತ್ಯ ಅಂತ ಪ್ರಮಾಣ ಮಾಡಿಸಿದರು. ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಗೊತ್ತಾದರೆ ಜೀವನಪೂರ್ತಿ ಆ ದೇಶದ ಬಾಗಿಲು ಮುಚ್ಚಿಹೋಗಬಹುದು. ಲವ್ ಮ್ಯಾರೇಜ್ ಅನ್ನು ಅಂತ ಸುಮ್ನೆ ಹೇಳುವವರು ಇದನ್ನು ಯೋಚಿಸುವುದಿಲ್ಲ.

"ನಿಮ್ಮಿಬ್ಬರ ಪರಿಚಯ ಹೇಗಾಯಿತು?" ಅದೇ ಮೊದಲ ಪ್ರಶ್ನೆ. ಗಂಡನ ಸೋದರತ್ತೆ ನಮ್ಮ ಬೀದಿಯವರು, ಅವರೇ ಸಂಬಂಧ ತಂದರು, ಜಾತಕ ಕೂಡಿತು, ಹೆಣ್ಣು ನೋಡಲು ಬಂದರು, ಆಮೇಲೆ ದಿನಾ ಫೋನಿನಲ್ಲಿ ಮಾತಾಡಿ ಇಬ್ಬರೂ ಒಪ್ಪಿದೆವು ಅಂದೆ. ಅಧಿಕಾರಿಗೆ ಇದರಲ್ಲಿ ಏನೂ ವಿಚಿತ್ರ ಅನಿಸಲಿಲ್ಲ. ಮುಂಬೈನಲ್ಲಿ ಕೂತವರು ಇಂಥ ಮದುವೆಗಳನ್ನು ಎಷ್ಟು ನೋಡಿರುವುದಿಲ್ಲ! ಅವರು ನೋಡುವುದು ಮದುವೆ ನಿಜವೋ ಅಲ್ಲವೋ ಅಂತ. ಗಂಡನಿಗೆ ಏನು ಕೆಲಸ, ಮೊದಲು ಮದುವೆಯಾಗಿತ್ತೇ, ಮದುವೆಯ ನಂತರ ಮತ್ತೆ ಬಂದಿದ್ದರೇ ಅಂತ ಕೇಳಿದರು.

ಆಮೇಲೆ ಫೋಟೋ ಕೇಳಿದರು. ಇಡೀ ಆಲ್ಬಮ್ ಹೊತ್ತುಕೊಂಡು ಹೋಗಿರಲಿಲ್ಲ. ಆರಿಸಿದ ಕೆಲವೇ ಫೋಟೋಗಳಿದ್ದವು, ಒಂದೊಂದರ ಹಿಂದೆಯೂ ಯಾರು, ಎಲ್ಲಿ, ಯಾವಾಗ ಅಂತ ಬರೆದಿದ್ದೆ. ಧಾರೆಯ ಫೋಟೋ ಹಿಡಿದು, "ಕೈ ಮೇಲೆ ನೀರು ಬಿಡುತ್ತಿರುವವರು ಯಾರು?" ಅಂದರು. ನನ್ನ ಅಪ್ಪ ಅಮ್ಮ, ಮಗಳನ್ನು ಕೊಡುವ ಶಾಸ್ತ್ರ ಅದು ಅಂದೆ. ಪಕ್ಕದಲ್ಲಿದ್ದ ಸೋದರಮಾವನನ್ನೂ ತೋರಿಸಿದೆ. ಲಗ್ನಪತ್ರಿಕೆಯ ತಾರೀಖು, ಛತ್ರದ ಹೆಸರು, ಫೋಟೋ, ಪ್ರಮಾಣಪತ್ರ ಎಲ್ಲ ಒಂದಕ್ಕೊಂದು ಹೊಂದಿದ್ದವು. ನಮ್ಮ ಶಾಸ್ತ್ರಗಳೇ ನಮ್ಮ ಸಾಕ್ಷಿ. ಹೊಸದಾಗಿ ಪ್ರೇಮಕಥೆ ಕಟ್ಟಿದ್ದರೆ ಈ ಯಾವ ಕಾಗದವೂ ಅದಕ್ಕೆ ಹೊಂದುತ್ತಿರಲಿಲ್ಲ.

ವೀಸಾ ಒಪ್ಪಿಗೆಯಾಗಿದೆ ಅಂದು ಪಾಸ್‌ಪೋರ್ಟ್ ಇಟ್ಟುಕೊಂಡರು. ಯಾವುದಾದರೂ ಕಾಗದ ಕಡಿಮೆಯಿದ್ದರೆ 221(ಜಿ) ಅನ್ನುವ ಚೀಟಿ ಕೊಡುತ್ತಾರೆ. ಅದನ್ನು ನೋಡಿ ಎದೆಗುಂದಬೇಡಿ. ಕೇಳಿದ್ದನ್ನು ಒದಗಿಸಿದರೆ ಕಡತ ಮತ್ತೆ ಮುಂದುವರಿಯುತ್ತದೆ.

ಅಮೆರಿಕಕ್ಕೆ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಸಿಆರ್-1, ಅಂದರೆ ಎರಡೇ ವರ್ಷದ ಷರತ್ತಿನ ಗ್ರೀನ್ ಕಾರ್ಡ್. ನನಗೆ ಸಿಗುವುದೂ ಅದೇ. ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ಗಂಡ ಹೆಂಡತಿ ಸೇರಿ ಐ-751, ಅಂದರೆ ಆ ಷರತ್ತು ತೆಗೆಸುವ ಅರ್ಜಿ ಹಾಕಬೇಕು. ಆಗ ಒಟ್ಟಿಗೆ ಸಂಸಾರ ಮಾಡುತ್ತಿರುವುದಕ್ಕೆ ಪುರಾವೆ ಕೇಳುತ್ತಾರೆ. ಹಾಗಾಗಿ ಹೋದ ಕೂಡಲೇ ಮನೆ ಬಾಡಿಗೆ ಕರಾರಿಗೆ ನನ್ನ ಹೆಸರು ಸೇರಿಸಬೇಕು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬೇಕು ಅಂತ ಈಗಲೇ ಇಬ್ಬರೂ ಮಾತಾಡಿಕೊಂಡಿದ್ದೇವೆ.