ಅಡಿಕೆ ಖರೀದಿ ಲೆಕ್ಕವನ್ನು ಬಿಗ್‌ಕ್ವೆರಿಯಿಂದ ಧನಿಗಳ ಮೊಬೈಲಿಗೆ ತಂದದ್ದು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ. ಕಾಸರಗೋಡು ಜಿಲ್ಲೆಯ ಈ ನಾಲ್ಕು ಕಡೆ ಅಡಿಕೆ ಖರೀದಿಸುವ ಒಂದು ವ್ಯಾಪಾರದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಧನಿಗಳಿಗೆ ಬೆಳಗ್ಗೆ ಮೊಬೈಲಿನಲ್ಲಿ ಮೂರು ಸಂಗತಿ ಕಾಣಬೇಕು: ನಿನ್ನೆ ಯಾವ ಅಂಗಡಿಗೆ ಎಷ್ಟು ಮಾಲು ಬಂತು, ಸರಾಸರಿ ಎಷ್ಟಕ್ಕೆ ಬಿತ್ತು, ಅದು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ದರಕ್ಕಿಂತ ಮೇಲೋ ಕೆಳಗೋ.

ಅಂಗಡಿಗಳ ಬಿಲ್ಲುಗಳು ರಾತ್ರಿ ಸಿಎಸ್‌ವಿ ಫೈಲುಗಳಾಗಿ ಗೂಗಲ್‌ನ ಕ್ಲೌಡ್ ಡೇಟಾ ಕಣಜ ಬಿಗ್‌ಕ್ವೆರಿಗೆ ಹೋಗುತ್ತವೆ. ಅಲ್ಲಿಂದ ಚಾರ್ಟು, ರಿಪೋರ್ಟು ಮಾಡುವ ಗೂಗಲ್‌ನದ್ದೇ ಲುಕರ್ ಸ್ಟುಡಿಯೊಗೆ. 2022ರವರೆಗೆ ಇದಕ್ಕೆ ಡೇಟಾ ಸ್ಟುಡಿಯೊ ಎಂಬ ಹೆಸರಿತ್ತು. ಎರಡನ್ನೂ ಜೋಡಿಸುವುದು ಕಷ್ಟವೇ ಅಲ್ಲ. ಕನೆಕ್ಟರ್ ಆರಿಸಿ, ಪ್ರಾಜೆಕ್ಟ್, ಡೇಟಾಸೆಟ್, ಟೇಬಲ್ ಒತ್ತಿದರೆ ಆಯಿತು. ಆದರೆ ಬಿಲ್ಲಿನ ಮೂಲ ಟೇಬಲ್ಲಿಗೇ ನೇರ ಜೋಡಿಸಬೇಡಿ ಎನ್ನುತ್ತೇನೆ ನಾನು. ನಡುವೆ ರಿಪೋರ್ಟಿಗೆಂದೇ ಒಂದು ಸಣ್ಣ ಟೇಬಲ್ ಇರಲಿ. ನಮ್ಮದರಲ್ಲಿ ಇರುವುದು ತಾರೀಕು, ಅಂಗಡಿ, ದರ್ಜೆ, ಕಿಲೊ, ಮೊತ್ತ, ಆ ದಿನದ ಕ್ಯಾಂಪ್ಕೊ ದರ, ಇಷ್ಟೇ. ರೈತರ ಹೆಸರು, ಫೋನ್, ಬ್ಯಾಂಕ್ ಖಾತೆ ಅದರಲ್ಲಿ ಇಲ್ಲ. ಈ ಟೇಬಲ್ ಬೇರೆ ಡೇಟಾಸೆಟ್‌ನಲ್ಲಿ ಇದೆ. ರಿಪೋರ್ಟಿಗೆ ಬಳಸುವ ಖಾತೆಗೆ ಆ ಡೇಟಾಸೆಟ್ ಮೇಲೆ ಮಾತ್ರ ಡೇಟಾ ವ್ಯೂವರ್ (ಓದುವ), ಪ್ರಾಜೆಕ್ಟ್ ಮೇಲೆ ಜಾಬ್ ಯೂಸರ್ (ಕ್ವೆರಿ, ಅಂದರೆ ಡೇಟಾ ಕೇಳುವ ಆದೇಶ ಓಡಿಸುವ) ಅನುಮತಿ ಕೊಟ್ಟಿದ್ದೇನೆ. ಎರಡನೆಯದು ಇಲ್ಲದಿದ್ದರೆ ಟೇಬಲ್ ಕಾಣುತ್ತದೆ, ಕ್ವೆರಿ ಮಾತ್ರ ಓಡುವುದಿಲ್ಲ.

ಜಾಸ್ತಿ ತಲೆ ತಿಂದದ್ದು ದರ್ಜೆ. ಹೊಸತು, ಹಳತು, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ನಮ್ಮಲ್ಲಿ ಹೇಳುತ್ತೇವಲ್ಲ, ಇದರಲ್ಲಿ ಹೊಸತು ಹೊಸತಾಗಿಯೇ ಉಳಿಯುವುದಿಲ್ಲ. ಗೋದಾಮಿನಲ್ಲಿ ಇಟ್ಟರೆ ಮುಂದಿನ ವರ್ಷ ಅದೇ ಮಾಲು ಹಳತು. ಬಿಲ್ಲಿಂಗ್ ತಂತ್ರಾಂಶದಲ್ಲಿ ಸ್ಟಾಕಿನ ದರ್ಜೆ ಬದಲಾಯಿಸಿದರೆ ಖರೀದಿಯ ಸಾಲಿನಲ್ಲಿಯೂ ಅದು ಬದಲಾಗುತ್ತಿತ್ತು. ಆಗ ಕಳೆದ ವರ್ಷ ಹೊಸತರ ದರಕ್ಕೆ ಕೊಂಡದ್ದೆಲ್ಲ ರಿಪೋರ್ಟಿನಲ್ಲಿ ‘ಹಳತು’ ಅಂತ ಕಾಣುತ್ತದೆ. ಹಳತನ್ನು ಅಷ್ಟು ಅಗ್ಗಕ್ಕೆ ಯಾರು ಕೊಟ್ಟರು ಮಾರಾಯ್ರೆ ಅಂತ ಧನಿಗಳು ಕೇಳದೆ ಇರುತ್ತಾರಾ? ಹಾಗಾಗಿ ದರ್ಜೆಗೆ ಎರಡು ಕಾಲಮ್ ಮಾಡಿದೆ. ಖರೀದಿ ದಿನದ ದರ್ಜೆ ಒಂದು, ಅದನ್ನು ಯಾರೂ ಮುಟ್ಟುವಂತಿಲ್ಲ. ಈಗಿನ ದರ್ಜೆ ಇನ್ನೊಂದು, ಅದು ಸ್ಟಾಕ್ ಪುಟಕ್ಕೆ ಮಾತ್ರ.

ಸರಾಸರಿ ದರದ ವಿಷಯವೂ ಹಾಗೆಯೇ. ದರದ ಕಾಲಮಿಗೆ ಆವರೇಜ್ ಹಾಕಿದರೆ 10 ಕಿಲೊದ ಬಿಲ್ಲಿಗೂ 10 ಕ್ವಿಂಟಲ್ ಬಿಲ್ಲಿಗೂ ಒಂದೇ ತೂಕ ಸಿಗುತ್ತದೆ. ಒಟ್ಟು ಮೊತ್ತವನ್ನು ಒಟ್ಟು ಕಿಲೊದಿಂದ ಭಾಗಿಸಬೇಕು. ಇದನ್ನು ಮೊದಲೇ ಲೆಕ್ಕ ಹಾಕಿ ಟೇಬಲ್ಲಿನಲ್ಲಿ ಇಡಲಿಕ್ಕೆ ಬರುವುದಿಲ್ಲ. ಅಂಗಡಿ ಅಥವಾ ತಿಂಗಳು ಬದಲಾಯಿಸಿದ ಹಾಗೆ ಅದು ಹೊಸದಾಗಿ ಲೆಕ್ಕವಾಗಬೇಕು. ಆದ್ದರಿಂದ ಲುಕರ್ ಸ್ಟುಡಿಯೊದಲ್ಲಿಯೇ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ (ಸೂತ್ರದ ಕಾಲಮ್) ಬರೆದಿದ್ದೇನೆ.

ಮಳೆಗಾಲದಲ್ಲಿ ಪೆರ್ಲದ ಕಡೆ ಕರೆಂಟು, ನೆಟ್ಟು ಎರಡೂ ನೆಚ್ಚುವ ಹಾಗಿಲ್ಲ. ಬಿಲ್ಲುಗಳು ತಡವಾಗಿ ಬರುತ್ತವೆ. ಹಾಗಾಗಿ ಟೇಬಲ್ಲಿನ ಪಾರ್ಟಿಶನ್ (ದಿನವಾರು ವಿಭಾಗ) ಖರೀದಿ ತಾರೀಕಿನ ಮೇಲೆ, ಫೈಲು ಬಂದ ತಾರೀಕಿನ ಮೇಲೆ ಅಲ್ಲ. ದಿನಾ ರಾತ್ರಿ ಓಡುವ ಶೆಡ್ಯೂಲ್ಡ್ ಕ್ವೆರಿ ಹಿಂದಿನ ಒಂದು ವಾರದ್ದನ್ನು ಮತ್ತೆ ಕಟ್ಟುತ್ತದೆ. ಕ್ಯಾಂಪ್ಕೊ ದರವನ್ನು ನಮ್ಮ ಹುಡುಗ ಗೂಗಲ್ ಶೀಟಿನಲ್ಲಿ ಬರೆಯುತ್ತಾನೆ, ಕ್ವೆರಿ ಅದನ್ನೂ ಓದುತ್ತದೆ. ಕ್ವೆರಿ ಯಾವ ಖಾತೆಯಲ್ಲಿ ಓಡುತ್ತದೋ ಆ ಖಾತೆಗೆ ಶೀಟನ್ನು ಶೇರ್ ಮಾಡಿರಬೇಕು. ಬಿಗ್‌ಕ್ವೆರಿಯ ಅನುಮತಿ ಒಂದೇ ಸಾಲದು.

ಸಮಯದ್ದೊಂದು ಉಂಟು. ಬಿಗ್‌ಕ್ವೆರಿ ಸುಮ್ನೆ ಬಿಟ್ಟರೆ ಯುಟಿಸಿ ಎಂಬ ಜಾಗತಿಕ ಗಡಿಯಾರದಲ್ಲಿ ಓಡುತ್ತದೆ, ಅದು ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಬೆಳಗ್ಗೆ 5.30ರವರೆಗೆ ಅದಕ್ಕೆ ಇನ್ನೂ ನಿನ್ನೆಯ ತಾರೀಕೇ. ನಮ್ಮ ಧನಿಗಳು 5 ಗಂಟೆಗೇ ಎದ್ದು ಮೊಬೈಲ್ ತೆರೆಯುವವರು. ‘ನಿನ್ನೆಯ ಖರೀದಿ’ ಒತ್ತಿದರೆ ಮೊನ್ನೆಯದು ಬರುತ್ತದೆ! ಕ್ವೆರಿಯಲ್ಲಿ ಕರೆಂಟ್ ಡೇಟ್ ಬರೆಯುವಾಗ ಏಷ್ಯಾ/ಕೋಲ್ಕತ್ತಾ ಎಂದು ಸಮಯ ವಲಯ ಸೇರಿಸಲೇಬೇಕು. ಲುಕರ್ ಸ್ಟುಡಿಯೊ ತಾನಾಗಿ 12 ಗಂಟೆ ಹಳೆಯ ಅಂಕಿಗಳನ್ನು ಇಟ್ಟುಕೊಂಡಿರುತ್ತದೆ. ಡೇಟಾ ಫ್ರೆಶ್‌ನೆಸ್ ಸೆಟ್ಟಿಂಗ್‌ನಲ್ಲಿ ಅದನ್ನು 1 ಗಂಟೆಗೆ ಇಳಿಸಿದೆ.

ಖರ್ಚಿನ ಚಿಂತೆ ನಮ್ಮಂಥವರಿಗೆ ಕಡಿಮೆ. ತಿಂಗಳಿಗೆ 1 ಟಿಬಿಯಷ್ಟು ಡೇಟಾ ಓದುವ ಕ್ವೆರಿ ಉಚಿತ, ನಾವು ಅದರ ಹತ್ತಿರವೂ ಹೋಗುವುದಿಲ್ಲ. ಆದರೂ ಪ್ರತಿ ಚಾರ್ಟೂ ಒಂದೊಂದು ಕ್ವೆರಿ, ಫಿಲ್ಟರ್ ತಿರುಗಿಸಿದರೆ ಇನ್ನೊಂದಿಷ್ಟು. ದಿನದ ಮಿತಿ ಹಾಕಿಟ್ಟರೆ ನಿದ್ದೆ ಬರುತ್ತದೆ. ಗೂಗಲ್‌ಗೆ ಹಣ ಕಟ್ಟುವ ಬಿಲ್ಲಿಂಗ್ ಖಾತೆ ಸೇರಿಸದೆ ಉಚಿತ ಸ್ಯಾಂಡ್‌ಬಾಕ್ಸಿನಲ್ಲಿಯೇ ಇದ್ದರೆ ಟೇಬಲ್‌ಗಳು 60 ದಿನಕ್ಕೆ ಅಳಿದುಹೋಗುತ್ತವೆ. ಹೋದ ವರ್ಷದ ಸೀಸನ್ ಜೊತೆ ಹೋಲಿಸಬೇಕಾದವರಿಗೆ ಅದು ಆಗದು. ಡೇಟಾಸೆಟ್ ಮಾಡುವಾಗ ಮುಂಬೈ ವಲಯ ಆರಿಸಿದೆ, ಆಮೇಲೆ ಬದಲಾಯಿಸಲಿಕ್ಕೆ ಆಗುವುದಿಲ್ಲ.

ಕಾಞಂಗಾಡಿನಲ್ಲಿರುವ ನಮ್ಮ ಆಡಿಟರಿಗೆ ಮೈಕ್ರೊಸಾಫ್ಟ್‌ನ ರಿಪೋರ್ಟ್ ತಂತ್ರಾಂಶ ಪವರ್ ಬಿಐ ಬೇಕಿತ್ತು. ಅದೇ ಸಣ್ಣ ಟೇಬಲ್ಲಿಗೆ ಇಂಪೋರ್ಟ್ ಮೋಡಿನಲ್ಲಿ (ಡೇಟಾದ ಪ್ರತಿ ಅಲ್ಲಿಗೆ ತರುವ ರೀತಿ) ಜೋಡಿಸಿಕೊಟ್ಟೆ. ಡೇಟಾ ಕ್ಲೌಡಿನಲ್ಲಿಯೇ ಇರುವುದರಿಂದ ಕಚೇರಿಯ ಕಂಪ್ಯೂಟರಿನಿಂದ ಡೇಟಾ ತಲುಪಿಸುವ ಗೇಟ್‌ವೇ ಬೇಕಾಗಲಿಲ್ಲ. ಪ್ರೊ ಲೈಸೆನ್ಸಿನಲ್ಲಿ ದಿನಕ್ಕೆ 8 ಸಲ ರಿಫ್ರೆಶ್ ಮಾಡಬಹುದು, ಅವರಿಗೆ ಒಂದೇ ಸಾಕು. ಸರಾಸರಿ ದರದ ಸೂತ್ರವನ್ನು ಮಾತ್ರ ಅಲ್ಲಿ ಇನ್ನೊಮ್ಮೆ ಬರೆಯಬೇಕಾಯಿತು.